ಅಡಿಕೆ ಶೆಡ್ಡಿನಲ್ಲೇ ಎಐ ಬೇಕೋ, ಕ್ಲೌಡ್ ಸಾಕೋ: ಇಂಗಾಲದ ಲೆಕ್ಕ ಹಾಕಿ ಆರಿಸುವ ಬಗೆ

ಕಳೆದ ಕೊಯ್ಲಿಗೆ ಮುಂಚೆ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಎರಡು ಕೊಟೇಶನ್ ಹಿಡಿದುಕೊಂಡು ದಾವಣಗೆರೆಯ ನಮ್ಮ ಮನೆಗೆ ಬಂದರು. ಒಣಗಿದ ಅಡಿಕೆಯನ್ನು ಕ್ಯಾಮೆರಾ ನೋಡಿ ರಾಶಿ, ಬೆಟ್ಟೆ, ಗೊರಬಲು ಎಂದು ಬೇರ್ಪಡಿಸುವ ಬೆಲ್ಟ್ ಯಂತ್ರವೊಂದನ್ನು ಅವರ ಊರಿನ ಆರೇಳು ಮನೆಯವರು ಸೇರಿ ಹಾಕಿಸಲು ಹೊರಟಿದ್ದರು. ಒಂದು ಕೊಟೇಶನ್ನಿನಲ್ಲಿ ಶೆಡ್ಡಿನೊಳಗೇ ಇಡುವ, ಗ್ರಾಫಿಕ್ಸ್ ಕಾರ್ಡ್ ಇರುವ ದೊಡ್ಡ ಕಂಪ್ಯೂಟರ್. ಇನ್ನೊಂದರಲ್ಲಿ ಚಿತ್ರಗಳೆಲ್ಲ ಕ್ಲೌಡಿಗೆ ಹೋಗಿ ಅಲ್ಲಿಂದ ಉತ್ತರ ಬರುವ, ತಿಂಗಳ ಬಾಡಿಗೆಯ ವ್ಯವಸ್ಥೆ. ಐದು ವರ್ಷಕ್ಕೆ ಕೂಡಿ ನೋಡಿದರೆ ಹಣ ಹೆಚ್ಚುಕಡಿಮೆ ಒಂದೇ. "ಮೇಷ್ಟ್ರೇ, ಎರಡರಲ್ಲಿ ಯಾವುದು ಕಡಿಮೆ ಹೊಗೆ ಬಿಡುತ್ತದೆ, ಅದನ್ನು ಹೇಳಿ" ಎಂದರು. 2023ರ ಬರದ ನಂತರ ಕೊಳವೆಬಾವಿ ಬತ್ತಿ, ಬೇಸಿಗೆ ಪೂರ್ತಿ ಟ್ಯಾಂಕರ್ ನೀರು ಹೊಡೆಸಿ ತೋಟ ಉಳಿಸಿಕೊಂಡವರು ಅವರು. ಹವಾಮಾನದ ಮಾತು ಅವರಿಗೆ ಪುಸ್ತಕದ ಮಾತಲ್ಲ.

ನಾನು ಇಲೆಕ್ಟ್ರಾನಿಕ್ಸ್ ಕಲಿಸುವವನು. ಈಚೆಗೆ ಗಿರಣಿಯವರು, ಮಂಡಿಯವರು, ತೋಟದವರು ಇಂಥ ಪ್ರಶ್ನೆ ಹೊತ್ತು ಬರುವುದು ಹೆಚ್ಚಾಗಿದೆ. ಎಲ್ಲರೂ ಕೇಳುವುದು "ಎಡ್ಜ್ ಒಳ್ಳೆಯದೋ, ಕ್ಲೌಡ್ ಒಳ್ಳೆಯದೋ" ಎಂದು. ಎಡ್ಜ್ ಎಂದರೆ ದತ್ತಾಂಶ ಹುಟ್ಟುವ ಜಾಗದಲ್ಲೇ, ಅಂದರೆ ಶೆಡ್ಡಿನಲ್ಲೋ ಹೊಲದಲ್ಲೋ ಅಂಗಡಿಯಲ್ಲೋ ಇಟ್ಟ ಯಂತ್ರದಲ್ಲೇ ಲೆಕ್ಕ ಮುಗಿಸುವುದು. ಕ್ಲೌಡ್ ಎಂದರೆ ಮುಂಬಯಿ, ಹೈದರಾಬಾದಿನಂಥ ಕಡೆ ಇರುವ ದತ್ತಾಂಶ ಕೇಂದ್ರಕ್ಕೆ ಕಳಿಸಿ ಲೆಕ್ಕ ಮಾಡಿಸುವುದು. ನಾನು ಆ ಪ್ರಶ್ನೆಗೆ ನೇರ ಉತ್ತರ ಕೊಡುವುದಿಲ್ಲ. ಮೊದಲು ಎರಡು ಸಂಗತಿ ಕೇಳುತ್ತೇನೆ: ಈ ಯಂತ್ರ ವರ್ಷಕ್ಕೆ ಎಷ್ಟು ಗಂಟೆ ಎಚ್ಚರವಾಗಿರಬೇಕು? ಅದರಲ್ಲಿ ಎಷ್ಟು ಗಂಟೆ ನಿಜವಾಗಿ ದುಡಿಯುತ್ತದೆ? ಇಂಗಾಲದ ಲೆಕ್ಕದಲ್ಲಿ ಮುಕ್ಕಾಲು ಪಾಲು ತೀರ್ಮಾನ ಇಲ್ಲೇ ಆಗಿಹೋಗುತ್ತದೆ.

ಒಂದು ಯೂನಿಟ್ಟಿಗೆ ಎಷ್ಟು ಹೊಗೆ

ಲೆಕ್ಕಕ್ಕೆ ಒಂದು ಅಳತೆಗೋಲು ಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಈಚಿನ ವರ್ಷಗಳ ಅಂಕಿಯಂತೆ ಭಾರತದ ಗ್ರಿಡ್ಡಿನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕೆಜಿಗೆ ತುಸು ಮೇಲೆ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಈ ಬರಹದ ಉದ್ದಕ್ಕೂ 0.7 ಎಂದೇ ಹಿಡಿದಿದ್ದೇನೆ.

ಚಿತ್ರದುರ್ಗದವರು ಇಲ್ಲಿ ತಪ್ಪದೆ ಒಂದು ಆಕ್ಷೇಪ ಎತ್ತುತ್ತಾರೆ. ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ, ಚಳ್ಳಕೆರೆ ಗಡಿ ದಾಟಿದರೆ ಪಾವಗಡದ 2050 ಮೆಗಾವ್ಯಾಟ್ ಸೌರ ಪಾರ್ಕ್ ಇದೆ, ನಮ್ಮದು ಶುದ್ಧ ಕರೆಂಟ್ ಅಲ್ಲವೇ ಎನ್ನುತ್ತಾರೆ. ಹೆಮ್ಮೆ ಸರಿಯಾದದ್ದೇ, ಲೆಕ್ಕ ಮಾತ್ರ ಹಾಗೆ ನಡೆಯುವುದಿಲ್ಲ. ಆ ಗಾಳಿಯ ಕರೆಂಟೂ ರಾಯಚೂರು, ಕುಡತಿನಿಯ ಕಲ್ಲಿದ್ದಲು ಸ್ಥಾವರಗಳ ಕರೆಂಟೂ ಒಂದೇ ತಂತಿಜಾಲಕ್ಕೆ ಬೀಳುತ್ತವೆ. 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ ದೇಶದ ಗ್ರಿಡ್ಡಿಗೆ ಸೇರಿದ ಮೇಲೆ ಇಡೀ ದೇಶವೇ ಒಂದು ಕೆರೆಯಾಗಿದೆ. ನಮ್ಮ ತೂಬಿನಲ್ಲಿ ಬರುವ ನೀರು ಯಾವ ಹಳ್ಳದ್ದು ಎಂದು ಹೇಳಲು ಬರುವುದಿಲ್ಲ. ನಾವು ಒಂದು ಯೂನಿಟ್ ಉಳಿಸಿದರೆ ಬಹುತೇಕ ಹೊತ್ತು ಎಲ್ಲೋ ಒಂದು ಕಡೆ ಅಷ್ಟು ಕಲ್ಲಿದ್ದಲು ಉಳಿಯುತ್ತದೆ. ಅದಕ್ಕೇ ಉಳಿತಾಯಕ್ಕೆ ಇಲ್ಲಿ ಬೆಲೆ ಜಾಸ್ತಿ.

ಇನ್ನೊಂದು ಪಾಲು ಯಂತ್ರವನ್ನು ತಯಾರಿಸುವಾಗಲೇ ಆಗಿಹೋದ ಹೊಗೆ. ಒಂದು ಸ್ಮಾರ್ಟ್‌ಫೋನಿನ ಇಡೀ ಆಯುಷ್ಯದ ಹೊರಸೂಸುವಿಕೆ ಸುಮಾರು 50ರಿಂದ 80 ಕೆಜಿ. ಅದರಲ್ಲಿ ಬಹುಪಾಲು ಅದು ಕೈಗೆ ಬರುವ ಮುಂಚೆಯೇ, ಚಿಪ್ಪು ಮತ್ತು ಪರದೆ ಮಾಡುವ ಕಾರ್ಖಾನೆಯಲ್ಲಿ ಮುಗಿದಿರುತ್ತದೆ. ಗ್ರಾಫಿಕ್ಸ್ ಕಾರ್ಡಿನ ಕಂಪ್ಯೂಟರಿಗೆ ಇದು ನೂರಾರು ಕೆಜಿ. ಇದನ್ನು ಬಿಟ್ಟು ಬರೀ ಮೀಟರ್ ನೋಡುವವರು ಅರ್ಧ ಲೆಕ್ಕ ಮಾತ್ರ ಹಾಕಿದ್ದಾರೆ.

ಅಡಿಕೆ ಬೆಲ್ಟ್: ದೊಡ್ಡ ಕಂಪ್ಯೂಟರ್, ಸಣ್ಣ ಬೋರ್ಡ್, ಕ್ಲೌಡ್

ಬೆಲ್ಟ್ ಓಡುವುದು ಕೊಯ್ಲಿನ ಐದು ತಿಂಗಳು, ತಿಂಗಳಿಗೆ 26 ದಿನ, ದಿನಕ್ಕೆ ಎಂಟು ಗಂಟೆ. ಒಟ್ಟು 1040 ಗಂಟೆ. ವರ್ಷಕ್ಕಿರುವುದು 8760 ಗಂಟೆ.

ದೊಡ್ಡ ಕಂಪ್ಯೂಟರ್ ದುಡಿಯುವಾಗ 350 ವ್ಯಾಟ್ ಎಳೆಯುತ್ತದೆ ಎನ್ನೋಣ. 1040 ಗಂಟೆಗೆ 364 ಯೂನಿಟ್, ಸುಮಾರು 255 ಕೆಜಿ ಇಂಗಾಲದ ಡೈಆಕ್ಸೈಡ್. ಆದರೆ ಇಂಥ ಕಂಪ್ಯೂಟರನ್ನು ಒಮ್ಮೆ ಹಚ್ಚಿದರೆ ಯಾರೂ ಆರಿಸುವುದಿಲ್ಲ. ಸುಮ್ಮನೆ ಕೂತಾಗಲೂ ಅದು 80 ವ್ಯಾಟ್ ಎಳೆದರೆ, ಉಳಿದ 7720 ಗಂಟೆಗೆ 617 ಯೂನಿಟ್, 430 ಕೆಜಿಗೂ ಮೇಲೆ. ದುಡಿದದ್ದಕ್ಕಿಂತ ಕೂತದ್ದಕ್ಕೇ ಹೆಚ್ಚು! ಮಂಡಕ್ಕಿ ಭಟ್ಟಿ ಹೊತ್ತಿಸಿಟ್ಟು, ಹುರಿಯದೆ ಏಳು ತಿಂಗಳು ಕಾದಂತೆ ಇದು. ಹಿಂದೊಮ್ಮೆ ಬೇರೊಂದು ಗೋದಾಮಿನಲ್ಲಿ ನನ್ನ ಸಲಹೆಯ ಮೇಲೆಯೇ ಇಂಥ ಕಂಪ್ಯೂಟರ್ ಕೂರಿಸಿದ್ದರು. ಎರಡು ವರ್ಷದ ನಂತರ ಹೋಗಿ ನೋಡಿದಾಗ ಹಂಗಾಮು ಮುಗಿದು ತಿಂಗಳುಗಳೇ ಕಳೆದಿದ್ದರೂ ಅದರ ಪಂಖ ತಿರುಗುತ್ತಲೇ ಇತ್ತು. ಯಾರು ಆರಿಸಬೇಕು ಎಂದು ನಾನು ಬರೆದು ಕೊಟ್ಟಿರಲಿಲ್ಲ. ಆ ತಪ್ಪು ನನ್ನದು. ಅಂದಿನಿಂದ ಈ ಲೆಕ್ಕ ಹಾಕದೆ ಯಾರಿಗೂ ಸಲಹೆ ಕೊಟ್ಟಿಲ್ಲ.

ಎರಡು ಕೊಟೇಶನ್ನಿನಲ್ಲೂ ಇಲ್ಲದ ಮೂರನೆಯ ದಾರಿ ಒಂದಿದೆ. ಅಂಗೈಯಗಲದ ಎಐ ಬೋರ್ಡುಗಳು. ಎನ್ವಿಡಿಯಾದ ಹಳೆಯ ಜೆಟ್ಸನ್ ನ್ಯಾನೋ 5 ಅಥವಾ 10 ವ್ಯಾಟ್ ಮಿತಿಯಲ್ಲಿ ಓಡುತ್ತದೆ. ಅದರ ನಂತರದ ಓರಿನ್ ನ್ಯಾನೋ ಮೂಲತಃ 7ರಿಂದ 15 ವ್ಯಾಟಿನದು. ರಾಸ್‌ಬೆರ್ರಿ ಪೈ 4 ಪೂರ್ತಿ ದುಡಿದರೂ ಆರೇಳು ವ್ಯಾಟ್. ಗೂಗಲ್‌ನ ಕೋರಲ್ ಚಿಪ್ಪು 2 ವ್ಯಾಟಿಗೆ ಸೆಕೆಂಡಿಗೆ 4 ಲಕ್ಷ ಕೋಟಿ ಸಣ್ಣ ಲೆಕ್ಕಗಳನ್ನು ಮುಗಿಸುತ್ತದೆ. 15 ವ್ಯಾಟಿನ ಬೋರ್ಡ್ 1040 ಗಂಟೆ ಓಡಿದರೆ 16 ಯೂನಿಟ್ಟಿಗೂ ಕಡಿಮೆ, 11 ಕೆಜಿ. ಮರೆತು ವರ್ಷವಿಡೀ ಹಚ್ಚಿಟ್ಟರೂ, ಕೂತಾಗ 5 ವ್ಯಾಟ್ ಎಂದು ಹಿಡಿದರೆ, ಇನ್ನು 27 ಕೆಜಿ ಸೇರುತ್ತದೆ ಅಷ್ಟೆ.

ಅಷ್ಟು ಸಣ್ಣ ಬೋರ್ಡ್ ಅಡಿಕೆ ಗುರುತು ಹಿಡಿದೀತೇ? ಹಿಡಿಯುತ್ತದೆ, ಮಾದರಿಯನ್ನು, ಅಂದರೆ ಗುರುತು ಹಿಡಿಯಲು ಕಲಿತ ತಂತ್ರಾಂಶವನ್ನು, ಸರಿಯಾಗಿ ಆರಿಸಿದರೆ. ಚಿತ್ರ ಗುರುತಿಸುವ ರೆಸ್‌ನೆಟ್-50 ಎಂಬ ಮಾದರಿಯಲ್ಲಿ 2.5 ಕೋಟಿಗೂ ಹೆಚ್ಚು ಗುಣಕಗಳಿವೆ (ಗುಣಕ ಎಂದರೆ ಮಾದರಿ ಕಲಿಯುತ್ತ ಹೊಂದಿಸಿಕೊಂಡ ಸಂಖ್ಯೆ). ಮೊಬೈಲ್‌ನೆಟ್-ವಿ2ರಲ್ಲಿ ಸುಮಾರು 34 ಲಕ್ಷ, ಒಂದು ಚಿತ್ರಕ್ಕೆ ಮಾಡುವ ಲೆಕ್ಕವಂತೂ ಹತ್ತನೇ ಒಂದು ಪಾಲಿಗೂ ಕಡಿಮೆ. ಚಿತ್ರದಲ್ಲಿ ವಸ್ತು ಎಲ್ಲಿದೆ ಎಂದು ಹುಡುಕುವ ಯೋಲೋ-ವಿ8 ಮಾದರಿಗಳಲ್ಲೂ ಅದೇ ಕಥೆ: ಅತಿ ದೊಡ್ಡದರಲ್ಲಿ 6.8 ಕೋಟಿ, ಅತಿ ಸಣ್ಣದರಲ್ಲಿ 32 ಲಕ್ಷ. ಜಗತ್ತಿನ ಸಾವಿರ ಬಗೆಯ ವಸ್ತುಗಳನ್ನು ಗುರುತಿಸಲು ದೊಡ್ಡದು ಬೇಕಾಗಬಹುದು. ಒಂದೇ ಬೆಳಕಿನಲ್ಲಿ, ಒಂದೇ ದೂರದಲ್ಲಿ, ನಾಲ್ಕೈದು ಬಗೆಯ ಅಡಿಕೆಯನ್ನು ಬೇರ್ಪಡಿಸಲು ಬೇಡ. ಜೊತೆಗೆ ಆ ಗುಣಕಗಳನ್ನು 32 ಬಿಟ್ಟಿನ ಬದಲು 8 ಬಿಟ್ಟಿಗೆ ಇಳಿಸಿದರೆ ಮಾದರಿಯ ಗಾತ್ರ ಕಾಲು ಭಾಗಕ್ಕೆ ಬರುತ್ತದೆ. ಮಾರುವವರು ಇದನ್ನು ತಾವಾಗಿ ಹೇಳುವುದು ಅಪರೂಪ. "ಮಾದರಿಯನ್ನು 8 ಬಿಟ್ಟಿಗೆ ಇಳಿಸಿದ್ದೀರಾ? ಇಳಿಸಿದ ಮೇಲೆ ನಮ್ಮ ಅಡಿಕೆಯ ಮೇಲೆಯೇ ಪರೀಕ್ಷಿಸಿ ತೋರಿಸಿ" ಎಂದು ನೀವೇ ಕೇಳಬೇಕು. ಇಳಿಸಿದಾಗ ನಿಖರತೆ ತುಸು ತಗ್ಗಬಹುದು. ಗೊರಬಲು ಹೋಗಿ ರಾಶಿಗೆ ಸೇರಿದರೆ ದರದಲ್ಲಿ ಪೆಟ್ಟು ಬೀಳುತ್ತದೆ. ಅದನ್ನು ಕಣ್ಣಾರೆ ನೋಡಿಯೇ ಒಪ್ಪಬೇಕು.

ಕ್ಲೌಡ್ ಈ ಕೆಲಸಕ್ಕೆ ಹೊಂದುವುದಿಲ್ಲ. ಅಡಿಕೆ ಕ್ಯಾಮೆರಾ ದಾಟಿ, ಅದನ್ನು ಬೇರೆ ಕಡೆಗೆ ತಳ್ಳುವ ಗಾಳಿಯ ಊದುಗೊಳವೆಯ ಮುಂದೆ ಬರುವುದಕ್ಕೆ ಸಿಗುವುದು ಸೆಕೆಂಡಿನ ಒಂದು ಚೂರು. ಅಷ್ಟರಲ್ಲಿ ಚಿತ್ರ ಮುಂಬಯಿಗೆ ಹೋಗಿ ಬರಬೇಕು. ಮಳೆ ಬಂದು ನೆಟ್‌ವರ್ಕ್ ಹೋದರೆ ಬೆಲ್ಟ್ ನಿಲ್ಲುತ್ತದೆ, ಆಳುಗಳು ಕೂರುತ್ತಾರೆ. ಇಂಗಾಲದ ಲೆಕ್ಕಕ್ಕೆ ಹೋಗುವ ಮೊದಲೇ ಇದು ಬಿದ್ದುಹೋಯಿತು.

ಮೆಕ್ಕೆಜೋಳದ ಮೋಹಕ ಬಲೆ: ಕರೆಂಟಿನ ಚಿಂತೆಯೇ ಬೇಡದ ಕಡೆ

2018ರಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದು ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ದಾವಣಗೆರೆಯ ರೈತರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಮೋಹಕ ಬಲೆಗೆ ಎಷ್ಟು ಪತಂಗ ಬಿದ್ದಿವೆ ಎಂದು ಎಣಿಸಿದರೆ ಯಾವಾಗ ಔಷಧಿ ಹೊಡೆಯಬೇಕು ಎಂಬ ಅಂದಾಜು ಸಿಗುತ್ತದೆ. ಬಲೆಯೊಳಗೆ ಕ್ಯಾಮೆರಾ ಇಟ್ಟು ಎಐ ಕೈಯಲ್ಲಿ ಎಣಿಸುವ ಪ್ರಯೋಗಕ್ಕೆ ವಿದ್ಯಾರ್ಥಿಗಳು ಕೈಹಾಕುವುದನ್ನು ಪ್ರತಿ ವರ್ಷ ನೋಡುತ್ತೇನೆ. ಪ್ರತಿ ವರ್ಷವೂ ಅವರು ದೊಡ್ಡ ಬೋರ್ಡು, ದೊಡ್ಡ ಸೋಲಾರ್ ಫಲಕ, ದೊಡ್ಡ ಬ್ಯಾಟರಿ ತರುತ್ತಾರೆ.

ಬಲೆಗೆ ಬೇಕಾದದ್ದು ದಿನಕ್ಕೆ ಒಂದು ಚಿತ್ರ. ಇಎಸ್‌ಪಿ32 ಬಗೆಯ ಕೆಲವೇ ನೂರು ರೂಪಾಯಿಯ ಚಿಪ್ಪು ದಿನಕ್ಕೊಮ್ಮೆ ಅರ್ಧ ನಿಮಿಷ ಎದ್ದು, ಒಂದು ವ್ಯಾಟ್ ಎಳೆದು, ಮತ್ತೆ ಮಲಗಿದರೆ ಎದ್ದ ಹೊತ್ತಿನ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಮಲಗಿದಾಗ ಬೋರ್ಡಿನ ಬಿಡಿಭಾಗಗಳೆಲ್ಲ ಸೇರಿ 10 ಮಿಲಿವ್ಯಾಟ್ ಸೋರಿದರೂ ದಿನಕ್ಕೆ ಕಾಲು ವ್ಯಾಟ್-ಗಂಟೆ. ವರ್ಷಕ್ಕೆ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ ಕೂಡ ಆಗುವುದಿಲ್ಲ. ಗ್ರಿಡ್ ಕರೆಂಟಿನ ಲೆಕ್ಕದಲ್ಲೇ ನೋಡಿದರೂ ಅದು 65 ಗ್ರಾಂ ದಾಟುವುದಿಲ್ಲ.

ಈಗ ಇದರ ಪಕ್ಕಕ್ಕೆ ಇನ್ನೊಂದು ಅಂಕಿ ಇಡುತ್ತೇನೆ. ಹೊಲ 12 ಕಿಲೋಮೀಟರ್ ದೂರದಲ್ಲಿದ್ದರೆ, ಬಲೆ ನೋಡಿ ಬರಲು ಬೈಕಿನಲ್ಲಿ 24 ಕಿಲೋಮೀಟರ್. ಲೀಟರಿಗೆ 50 ಕಿಲೋಮೀಟರ್ ಎಂದರೆ ಅರ್ಧ ಲೀಟರ್ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲಿಗೆ 2.3 ಕೆಜಿಯಂತೆ 1.1 ಕೆಜಿ ಇಂಗಾಲದ ಡೈಆಕ್ಸೈಡ್. ಒಂದೇ ಒಂದು ಸಲ ಬೈಕ್ ಹತ್ತುವುದು ತಪ್ಪಿದರೆ ಆ ಚಿಪ್ಪಿನ ಹದಿನೈದು ವರ್ಷಕ್ಕೂ ಮೀರಿದ ಕರೆಂಟಿನ ಹೊಗೆ ತೀರಿತು. ಹಾಗಾಗಿ ಇಲ್ಲಿ ಆಯ್ಕೆಯ ಮಾನದಂಡ ವ್ಯಾಟ್ ಅಲ್ಲ, ಆಯುಷ್ಯ. ಹಿರಿಯೂರು, ಚಳ್ಳಕೆರೆಯ ಬಿಸಿಲಿಗೆ ತಗಡಿನ ಡಬ್ಬಿಯೊಳಗೆ ಬ್ಯಾಟರಿ ಉಬ್ಬಿ ಒಂದೇ ಬೇಸಿಗೆಗೆ ಸತ್ತರೆ, ಹೊಸದನ್ನು ತಯಾರಿಸಿದ ಹೊಗೆ ಎಲ್ಲ ಉಳಿತಾಯವನ್ನೂ ನುಂಗುತ್ತದೆ. ಬಿಳಿ ಬಣ್ಣದ, ಗಾಳಿಯಾಡುವ, ನೆರಳಿನ ಮುಚ್ಚಿಗೆಯ ಡಬ್ಬಿ. ಬಿಸಿ ತಡೆಯುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಕೆಟ್ಟ ಭಾಗವನ್ನಷ್ಟೇ ಬಿಚ್ಚಿ ಹಾಕುವಂಥ ಜೋಡಣೆ. ಇವು ಇದ್ದ ಬಲೆಯನ್ನೇ ಕೊಳ್ಳಿ.

ಚಿತ್ರವನ್ನೇ ಕಳಿಸಬೇಕೋ, ಎಣಿಕೆ ಮಾತ್ರವೋ? ಸಿಮ್ ಸಿಗ್ನಲ್ ಚೆನ್ನಾಗಿದ್ದರೆ ದಿನಕ್ಕೊಂದು ಚಿತ್ರ ಕಳಿಸಿ, ಎಣಿಕೆ ದೂರದಲ್ಲೇ ಆಗಲಿ. ತಪ್ಪು ಎಣಿಸಿದರೆ ತಿದ್ದಲು ಚಿತ್ರ ಕೈಯಲ್ಲಿರುತ್ತದೆ. ಸಿಗ್ನಲ್ ಇಲ್ಲದ ಗುಡ್ಡದ ಸೆರಗಿನಲ್ಲಾದರೆ ಬಲೆಯಲ್ಲೇ ಎಣಿಸಿ, ಸಂಖ್ಯೆಯನ್ನು ಮಾತ್ರ ಲೋರಾ ಎಂಬ, ಕಡಿಮೆ ಕರೆಂಟಿನಲ್ಲಿ ದೂರ ಮುಟ್ಟುವ ರೇಡಿಯೋದಲ್ಲಿ ಕಳಿಸಬಹುದು. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಗೆ ಪರವಾನಗಿ ಬೇಡ. ಬಯಲಿನಲ್ಲಿ ಕೆಲವು ಕಿಲೋಮೀಟರ್ ದೂರ ಮುಟ್ಟುತ್ತದೆ.

ಚೌಕಿಪೇಟೆಯ ಅಂಗಡಿ, ಎಪಿಎಂಸಿ ಗೋದಾಮು: ಹಗಲಿರುಳು ಎಚ್ಚರದ ಕ್ಯಾಮೆರಾ

ಹೊಗೆ ನಿಜವಾಗಿ ಹೆಚ್ಚುವುದು ಇಂಥ ಕಡೆ. 8760 ಗಂಟೆಯೂ ಎಚ್ಚರ. ಎಂಟು ಕ್ಯಾಮೆರಾಗಳಿಗೆ 250 ವ್ಯಾಟಿನ ಕಂಪ್ಯೂಟರ್ ಇಟ್ಟರೆ ವರ್ಷಕ್ಕೆ 2190 ಯೂನಿಟ್, ಒಂದೂವರೆ ಟನ್ ಇಂಗಾಲದ ಡೈಆಕ್ಸೈಡ್. 15 ವ್ಯಾಟಿನ ಬೋರ್ಡಾದರೆ 131 ಯೂನಿಟ್, 92 ಕೆಜಿ.

ಎಲ್ಲ ದೃಶ್ಯವನ್ನೂ ಕ್ಲೌಡಿಗೆ ಕಳಿಸುವುದಾದರೆ, ಸೆಕೆಂಡಿಗೆ 2 ಮೆಗಾಬಿಟ್ಟಿನ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತಳ್ಳುತ್ತದೆ. ಯಾರೂ ಅಲುಗದ ಖಾಲಿ ಗೋದಾಮಿನ ದೃಶ್ಯವೇ ಅದರಲ್ಲಿ ಬಹುಪಾಲು. ಅದನ್ನು ಸಾಗಿಸಿ, ಶೇಖರಿಸಿ, ಲೆಕ್ಕಕ್ಕೆ ಹಾಕಿ ಏನು ಪ್ರಯೋಜನ? ಕ್ಯಾಮೆರಾದ ಒಳಗೇ ಚಲನೆ ಗುರುತಿಸುವ ಸಣ್ಣ ವ್ಯವಸ್ಥೆ ಇದ್ದು, ಏನಾದರೂ ಅಲುಗಿದಾಗ ಮಾತ್ರ 200 ಕೆಬಿಯ ಚಿತ್ರ ಕಳಿಸಿದರೆ, ದಿನಕ್ಕೆ 200 ಚಿತ್ರವಾದರೂ 40 ಎಂಬಿ. ಐನೂರು ಪಟ್ಟಿಗೂ ಹೆಚ್ಚು ಕಡಿತ. ನನ್ನ ಒಲವು ಇಂಥ ಎರಡು ಹಂತದ ಏರ್ಪಾಟಿನ ಕಡೆಗೆ: ಬಾಗಿಲಲ್ಲಿ ಸಣ್ಣ ಚಿಪ್ಪು ಕಾವಲು ಕಾಯಲಿ, ಅನುಮಾನ ಬಂದಾಗ ಮಾತ್ರ ದೊಡ್ಡದನ್ನು ಎಬ್ಬಿಸಲಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಸೆಕೆಂಡಿಗೆ 25 ಚಿತ್ರದ ಬದಲು ಎರಡನ್ನೇ ಪರೀಕ್ಷಿಸಿದರೆ ಕೆಲಸ ಹನ್ನೆರಡು ಪಟ್ಟು ಇಳಿಯುತ್ತದೆ, ನಿಜ. ಆದರೆ ಅದೇ ದೊಡ್ಡ ಕಂಪ್ಯೂಟರಿನಲ್ಲಿ ಹಾಗೆ ಮಾಡಿದರೆ ಕೂತಾಗಿನ 80 ವ್ಯಾಟ್ ಹಾಗೆಯೇ ಉಳಿಯುತ್ತದೆ. ಕೆಲಸ ಇಳಿಸಿದ ಮೇಲೆ ಯಂತ್ರವನ್ನೂ ಇಳಿಸಬೇಕು. ಇನ್ನೂ ಮುಖ್ಯವಾದ ಮಾತು: ಕರೆಂಟ್ ಕಡಿಮೆ ಎಂದು ನಾಲ್ಕು ಕ್ಯಾಮೆರಾ ಸಾಕಾದ ಕಡೆ ಹದಿನಾರು ಹಾಕಿಸುವುದನ್ನು ನಾನು ಕಂಡಿದ್ದೇನೆ. ಆ ಹದಿನಾರರ ಬೆಲೆ ಯಾವ ಬೋರ್ಡಿನ ಉಳಿತಾಯದಿಂದಲೂ ತೀರುವುದಿಲ್ಲ.

ಮನೆಯಲ್ಲಿ ಬಿದ್ದಿರುವ ಹಳೆಯ ಆಂಡ್ರಾಯ್ಡ್ ಫೋನನ್ನೂ ಮರೆಯಬೇಡಿ. ಕ್ಯಾಮೆರಾ, ಪ್ರೊಸೆಸರ್, ಬ್ಯಾಟರಿ, ವೈಫೈ ಎಲ್ಲ ಒಂದರಲ್ಲೇ ಇವೆ, ತಯಾರಿಕೆಯ ಹೊಗೆ ಎಂದೋ ಆಗಿಹೋಗಿದೆ. ಒಂದೇ ಬಾಗಿಲು ಕಾಯಲು ಅದು ಸಾಕು. ಸದಾ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಉಬ್ಬಿ ಅಪಾಯವಾಗಬಹುದು. ಚಾರ್ಜಿಗೆ ಮಿತಿ ಇಡುವ ಸೌಲಭ್ಯ ಇರುವ ಫೋನನ್ನೇ ಬಳಸಿ, ಅಥವಾ ಟೈಮರ್ ಪ್ಲಗ್ ಹಾಕಿ.

ಕ್ಲೌಡ್ ಗೆಲ್ಲುವುದು ಎಲ್ಲಿ

ಎರಡು ಎಕರೆ ಮೆಕ್ಕೆಜೋಳ ಇರುವವರು ಒಕ್ಕಣೆ ಯಂತ್ರ ಕೊಳ್ಳುವುದಿಲ್ಲ, ಬಾಡಿಗೆಗೆ ಕರೆಸುತ್ತಾರೆ. ಆಗೊಮ್ಮೆ ಈಗೊಮ್ಮೆ ಬರುವ ಎಐ ಕೆಲಸಕ್ಕೂ ಅದೇ ಸರಿ. ಸಹಕಾರ ಸಂಘದ ಹಳೆಯ ಲೆಡ್ಜರ್ ಪುಟಗಳನ್ನು ಓದಿಸುವುದು, ರೈತರ ಕರೆಗಳನ್ನು ಬರಹಕ್ಕೆ ಇಳಿಸುವುದು, ಎಲೆಯ ಚಿತ್ರ ನೋಡಿ ರೋಗ ಕೇಳುವುದು, ಪತ್ರ ಬರೆಸುವುದು. ಇಂಥದ್ದಕ್ಕೆ ಸ್ವಂತ ಕಂಪ್ಯೂಟರ್ ಕೊಂಡರೆ ದಿನದ 23 ಗಂಟೆ ಅದು ಕೂತಿರುತ್ತದೆ. ದತ್ತಾಂಶ ಕೇಂದ್ರದಲ್ಲಿ ಒಂದೇ ಯಂತ್ರ ಸಾವಿರಾರು ಜನರ ಕೆಲಸ ಹಂಚಿಕೊಳ್ಳುತ್ತದೆ. ತಂಪು ಮಾಡುವ ಖರ್ಚಿನಲ್ಲೂ ದೊಡ್ಡ ಕೇಂದ್ರಗಳು ಮುಂದಿವೆ: ಗೂಗಲ್ ಕೇಂದ್ರಗಳಲ್ಲಿ ಕಂಪ್ಯೂಟರಿಗೆ 1 ಯೂನಿಟ್ ಹೋದರೆ ಒಟ್ಟು ಖರ್ಚು ಸುಮಾರು 1.1. ನಮ್ಮ ಸರ್ವರ್ ಕೋಣೆಯಲ್ಲಿ ಎಸಿ ಹಚ್ಚಿಟ್ಟರೆ ಅದರ ಹತ್ತಿರಕ್ಕೂ ಬರುವುದಿಲ್ಲ.

2025ರ ಆಗಸ್ಟಿನಲ್ಲಿ ಗೂಗಲ್ ತನ್ನ ಜೆಮಿನೈಗೆ ಬರುವ ಸಾಮಾನ್ಯ ಪಠ್ಯ ಪ್ರಶ್ನೆಯೊಂದಕ್ಕೆ 0.24 ವ್ಯಾಟ್-ಗಂಟೆ ವಿದ್ಯುತ್, 0.03 ಗ್ರಾಂ ಇಂಗಾಲ ಎಂದು ಪ್ರಕಟಿಸಿತು. ಈ ಎರಡು ಅಂಕಿಯನ್ನು ಜೋಡಿಸಿ ನೋಡಿ. ನಮ್ಮ ಗ್ರಿಡ್ಡಿನ ಲೆಕ್ಕದಲ್ಲಿ 0.24 ವ್ಯಾಟ್-ಗಂಟೆಗೆ 0.17 ಗ್ರಾಂ ಆಗಬೇಕು. ಐದಾರು ಪಟ್ಟು ಅಂತರ ಬಂದದ್ದೇಕೆಂದರೆ ಕಂಪನಿ ಬೇರೆಡೆ ಕೊಂಡ ಶುದ್ಧ ವಿದ್ಯುತ್ತನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಕ್ಲೌಡ್ ಮಾರುವವರು ಇಂಗಾಲದ ಅಂಕಿ ತೋರಿಸಿದಾಗ "ಇದು ಆ ಜಾಗದ ಗ್ರಿಡ್ಡಿನ ಲೆಕ್ಕವೋ, ಶುದ್ಧ ವಿದ್ಯುತ್ತಿಗೆಂದು ಕೊಂಡ ಪ್ರಮಾಣಪತ್ರದ ಲೆಕ್ಕವೋ" ಎಂದು ಕೇಳಿ. ಹಾಗೆ ನೋಡಿದರೂ ದಿನಕ್ಕೆ ನೂರು ಪ್ರಶ್ನೆಗೆ 24 ವ್ಯಾಟ್-ಗಂಟೆ. ಅಷ್ಟು ಕೆಲಸಕ್ಕೆ ಸ್ವಂತ ಕಂಪ್ಯೂಟರ್ ಇಡುವುದು ದುಂದು. ನೂರು ಪ್ರಶ್ನೆ ಚಿಕ್ಕದಾದರೂ ಊರೆಲ್ಲ ಸೇರಿದರೆ ಚಿಕ್ಕದಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಬಳಸಿದ್ದು ಸುಮಾರು 41,500 ಕೋಟಿ ಯೂನಿಟ್. 2030ಕ್ಕೆ ಅದು ಎರಡು ಪಟ್ಟು ದಾಟುವ ಅಂದಾಜಿದೆ.

ಮಾದರಿ ಕಲಿಸುವ ಕಾಲೇಜುಗಳಿಗೆ

ಯಾವ ಜಾಗದ ಕರೆಂಟ್ ಎಂಬುದು ಎಷ್ಟು ದೊಡ್ಡ ಸಂಗತಿ ಎಂದು ತಿಳಿಯಲು ಒಂದು ಹೋಲಿಕೆ ಸಾಕು. ಜಿಪಿಟಿ-3 ಎಂಬ ದೊಡ್ಡ ಭಾಷಾ ಮಾದರಿಯನ್ನು ಕಲಿಸಲು ಅಂದಾಜು 1287 ಮೆಗಾವ್ಯಾಟ್-ಗಂಟೆ ಹೋಯಿತು, 552 ಟನ್ ಹೊರಬಿತ್ತು. ಹೆಚ್ಚುಕಡಿಮೆ ಅಷ್ಟೇ ದೊಡ್ಡದಾದ ಬ್ಲೂಮ್ ಮಾದರಿಗೆ 433 ಮೆಗಾವ್ಯಾಟ್-ಗಂಟೆ, ಆ ವಿದ್ಯುತ್ತಿನಿಂದ ಸುಮಾರು 25 ಟನ್. ವಿದ್ಯುತ್ತು ಮೂರನೇ ಒಂದು ಪಾಲು, ಹೊಗೆ ಇಪ್ಪತ್ತನೇ ಒಂದು ಪಾಲು. ಬ್ಲೂಮ್ ಕಲಿತದ್ದು ಫ್ರಾನ್ಸಿನಲ್ಲಿ, ಅಣುವಿದ್ಯುತ್ತಿನ ಗ್ರಿಡ್ಡಿನ ಮೇಲೆ.

ಕಲಿಸುವ ಕೆಲಸಕ್ಕೆ ಅವಸರವಿಲ್ಲ, ಎಲ್ಲಿಯಾದರೂ ನಡೆಯಬಹುದು. ಆದ್ದರಿಂದ ಕ್ಲೌಡ್ ಬಾಡಿಗೆಗೆ ಹಿಡಿಯುವಾಗ ಸ್ವೀಡನ್ ಅಥವಾ ಕೆನಡಾದ ಕ್ಯುಬೆಕ್‌ನಂಥ ಜಲವಿದ್ಯುತ್ತಿನ ಕಡೆಯ ಕೇಂದ್ರವನ್ನು ಆರಿಸಿದರೆ ಒಂದೇ ಏಟಿಗೆ ಹೊಗೆ ಹತ್ತು ಪಟ್ಟಿಗೂ ಹೆಚ್ಚು ತಗ್ಗುತ್ತದೆ. ಇನ್ನೂ ಒಳ್ಳೆಯದು, ಮೊದಲಿನಿಂದ ಕಲಿಸದಿರುವುದು. ಕನ್ನಡಕ್ಕೆ ಮದ್ರಾಸ್ ಐಐಟಿಯ ಎಐ4ಭಾರತ್ ಈಗಾಗಲೇ ಮಾತಿನ ಮತ್ತು ಅನುವಾದದ ಮಾದರಿಗಳನ್ನು ಮುಕ್ತವಾಗಿ ಕೊಟ್ಟಿದೆ. ಅದರ ಇಂಡಿಕ್‌ಟ್ರಾನ್ಸ್2 ನೂರು ಕೋಟಿ ಗುಣಕಗಳ ಗಾತ್ರದಲ್ಲೂ ಸಿಗುತ್ತದೆ, 20 ಕೋಟಿಗೆ ಭಟ್ಟಿ ಇಳಿಸಿದ, ಅಂದರೆ ದೊಡ್ಡದರಿಂದ ಕಲಿಸಿ ಕಿರಿದಾಗಿಸಿದ ರೂಪದಲ್ಲೂ ಸಿಗುತ್ತದೆ. ದಾವಣಗೆರೆಯ ಮಾತಿನ ಧಾಟಿಗೆ ಒಗ್ಗಿಸಲು 450 ವ್ಯಾಟಿನ ಕಂಪ್ಯೂಟರ್ ಮೂರು ದಿನ ಓಡಿದರೆ 32 ಯೂನಿಟ್, 23 ಕೆಜಿ. ಮೊದಲಿನಿಂದ ಶುರುಮಾಡಿ ತಿಂಗಳು ಓಡಿಸಿದರೆ 324 ಯೂನಿಟ್. ಮಾಡಿದ್ದನ್ನೇ ಮತ್ತೆ ಮಾಡುವ ಹಟಕ್ಕೆ ಅದು ಹೋಗುವುದು ನೋವಿನ ಸಂಗತಿ. ಕಾಲೇಜಿನ ಚಾವಣಿಯ ಮೇಲೆ ಸೋಲಾರ್ ಇದ್ದರೆ ಬೆಳಗ್ಗೆ ಒಂಬತ್ತರಿಂದ ನಾಲ್ಕರವರೆಗೆ ಓಡಿಸಿ, ಅಲ್ಲಿಯವರೆಗಿನ ಕಲಿಕೆಯನ್ನು ಉಳಿಸಿಟ್ಟು ನಿಲ್ಲಿಸಿ, ಮರುದಿನ ಮುಂದುವರಿಸಿ. ಕೋಡ್‌ಕಾರ್ಬನ್ ಎಂಬ ಉಚಿತ ತಂತ್ರಾಂಶ ಪ್ರತಿ ಓಟದ ಅಂದಾಜು ಹೊಗೆಯನ್ನು ಬರೆದಿಡುತ್ತದೆ. ಪ್ರಾಜೆಕ್ಟ್ ವರದಿಯಲ್ಲಿ ನಿಖರತೆಯ ಪಕ್ಕದಲ್ಲಿ ಆ ಅಂಕಿಯನ್ನೂ ಬರೆಸಿ.

ಕರೆಂಟ್ ಬರುವ ದಾರಿ

ಹತ್ತು ವ್ಯಾಟಿನ ಬೋರ್ಡನ್ನು ಮನೆಯ ಇನ್ವರ್ಟರಿಗೆ ಸಿಕ್ಕಿಸುವುದು ಎಲ್ಲರೂ ಮಾಡುವ ತಪ್ಪು. ಇನ್ವರ್ಟರ್ ತಾನು ಎಚ್ಚರವಿರಲೆಂದೇ ಹತ್ತಿಪ್ಪತ್ತು ವ್ಯಾಟ್ ತಿನ್ನಬಹುದು. ಡಿಸಿಯನ್ನು ಎಸಿ ಮಾಡಿ, ಅಡಾಪ್ಟರ್ ಮತ್ತೆ ಡಿಸಿ ಮಾಡುವಾಗ ಇನ್ನಷ್ಟು ಸೋರುತ್ತದೆ. ವೈಫೈ ರೂಟರಿಗೆಂದು ಅಂಗಡಿಯಲ್ಲಿ ಸಿಗುವ 12 ವೋಲ್ಟಿನ ಮಿನಿ ಯುಪಿಎಸ್ ಸಾಕು.

ಬೋರ್ಡಿಗೆಂದೇ ಬೇರೆ ಸೋಲಾರ್ ಫಲಕ, ಬೇರೆ ಬ್ಯಾಟರಿ ಬೇಕೇ? ಲೈನ್ ಇಲ್ಲದ ಹೊಲದಲ್ಲಿ ಬೇಕು. ಲೈನ್ ಇರುವ ಕಡೆ, ಚಾವಣಿಯ ಮೇಲೆ ಗ್ರಿಡ್ಡಿಗೆ ಜೋಡಿಸಿದ ಸೋಲಾರ್ ಮೇಲು. ಒಂದು ಕಿಲೋವ್ಯಾಟ್ ಫಲಕ ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ, ಬಳಸಿ ಮಿಕ್ಕಿದ್ದು ಗ್ರಿಡ್ಡಿಗೆ ಹೋಗಿ ಇನ್ನೊಬ್ಬರಿಗೆ ಒದಗುತ್ತದೆ. ಸಣ್ಣ ಬಿಡಿ ಫಲಕದಲ್ಲಿ ಬ್ಯಾಟರಿ ತುಂಬಿದ ಮೇಲಿನ ಬಿಸಿಲು ವ್ಯರ್ಥ. ಮನೆಗಳಿಗೆ 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನವಿದೆ.

ಚನ್ನಗಿರಿಯವರು ಕೊನೆಗೆ ಎರಡೂ ಕೊಟೇಶನ್ ಬಿಟ್ಟು ಸಣ್ಣ ಬೋರ್ಡ್ ಹಾಕಿಸಿದರು. ಆರಿಸುವ ಜವಾಬ್ದಾರಿ ಯಾರದು ಎಂಬ ಪ್ರಶ್ನೆಯೇ ಬರದಂತೆ ಅದರ ಲೈನನ್ನು ಬೆಲ್ಟ್ ಮೋಟರಿನ ಸ್ಟಾರ್ಟರಿಗೇ ಕೊಡಿಸಿದೆವು. ಬೆಲ್ಟ್ ನಿಂತರೆ ಬೋರ್ಡೂ ಆರುತ್ತದೆ. ಹಾಗೆ ತಟ್ಟನೆ ಕರೆಂಟ್ ಹೋದಾಗ ಮೆಮೊರಿ ಕಾರ್ಡ್ ಕೆಡಬಾರದೆಂದು ಅದನ್ನು ಓದಲು ಮಾತ್ರ ಬರುವಂತೆ ಬೀಗ ಹಾಕಿದ್ದೇವೆ. ಸಣ್ಣದೊಂದು ಮೀಟರನ್ನೂ ಕೂರಿಸಿದ್ದೆ. ಕೊಯ್ಲು ಮುಗಿದಾಗ ಅದರಲ್ಲಿ 26 ಯೂನಿಟ್ ಇತ್ತು, ನನ್ನ ಲೆಕ್ಕಕ್ಕಿಂತ ಹತ್ತು ಹೆಚ್ಚು. ಹುಡುಕಿದಾಗ ಕ್ಯಾಮೆರಾದ ಮೇಲಿನ ಎಲ್‌ಇಡಿ ಪಟ್ಟಿಯನ್ನು ಎಣಿಸದೆ ಬಿಟ್ಟಿದ್ದೆನೆಂದು ತಿಳಿಯಿತು. ಅಡಿಕೆ ಕ್ಯಾಮೆರಾದ ಕೆಳಗೆ ಬಂದ ಕ್ಷಣ ಮಾತ್ರ ಆ ದೀಪ ಮಿಂಚುವಂತೆ ಮಾಡುವ ಕೆಲಸವನ್ನು ಈಗ ನನ್ನ ಇಬ್ಬರು ವಿದ್ಯಾರ್ಥಿಗಳು ಹಿಡಿದಿದ್ದಾರೆ. ಮುಂದಿನ ಕೊಯ್ಲಿನೊಳಗೆ ಅದು ಮುಗಿಯಬೇಕು.